ಎರಡನೇ ಸೇವೆಯ ಮೊದಲ ವರ್ಷ

ನೋಡಪ್ಪಾ, ಬರುವ ತಿಂಗಳು ಡಿಸ್ಚಾರ್ಜ್ ಆಗಿ ಮನೆಗೆ ಬರುತ್ತೀಯ ಎಂದು ನಿಮ್ಮವ್ವ ಫೋನ್ ಮಾಡಿ ಹೇಳಿದಳು. 19ಕ್ಕೆ ಸೇನೆಗೆ ಸೇರಿದವನು 17 ವರ್ಷ ಮುಗಿಸಿ 36ಕ್ಕೆ ಮಾಜಿ ಸೈನಿಕ ಆಗುತ್ತಿದ್ದೀಯ. ನಿನ್ನ ಜತೆ ಓದಿದವರು ಈಗಿನ್ನೂ ಮೊದಲ ಬಡ್ತಿಯ ದಾರಿ ನೋಡುತ್ತಿರುತ್ತಾರೆ. ನಿನಗೆ ಆಗಲೇ ಪಿಂಚಣಿ ಶುರು. ಆದರೆ 60ಕ್ಕೆ ಇನ್ನೂ 24 ವರ್ಷ ಇದೆ. ಆ 24 ವರ್ಷದ ವಿಚಾರ ನಿನ್ನ ಹತ್ತಿರ ಮಾತಾಡಬೇಕು. ನಿನ್ನಂಥವರು ಮೈಸೂರಲ್ಲಿ ಕಡಿಮೆ ಇಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದ ಕಡೆಯಿಂದ ಸೇನೆಗೆ ಹೋಗಿ, ವಾಪಸ್ ಬಂದಮೇಲೆ ಮಕ್ಕಳ ಓದಿಗೆಂದು ಇಲ್ಲೇ ಮನೆ ಮಾಡಿಕೊಂಡವರು ಎಷ್ಟೊಂದು ಮಂದಿ. ಅವರ ಕಿವಿಗೂ ಇದು ಬೀಳಲಿ ಎಂದೇ ಬರೆಯುತ್ತಿದ್ದೇನೆ.

ನಾನೂ ಇದೇ ದಾರಿಯಲ್ಲಿ ಬಂದವನು. ಸೇನೆಯಲ್ಲಿ ಕ್ಲರ್ಕ್ ಕೆಲಸ, ಆಮೇಲೆ ರಾಜ್ಯ ಸರ್ಕಾರದ ಖಜಾನೆ ಇಲಾಖೆ. ಕೌಂಟರಿನ ಒಳಗಡೆ ಕೂತು ಲೆಕ್ಕವಿಲ್ಲದಷ್ಟು ಪಿಂಚಣಿ ಕಡತ ನೋಡಿದ್ದೇನೆ. ಹಾಗೆ ನೋಡಿ ನೋಡಿ ನನಗೆ ಗಟ್ಟಿಯಾದ ಮಾತು ಇಷ್ಟು: ಯೂನಿಫಾರ್ಮಿನಲ್ಲಿ ದುಡಿದ ವರ್ಷಗಳು ಮುಂದಿನ ನೌಕರಿಯ ಲೆಕ್ಕಕ್ಕೆ ತಾವಾಗಿಯೇ ಹೋಗಿ ಸೇರುವುದಿಲ್ಲ. ಯಾವುದು ಸೇರುತ್ತದೆ, ಯಾವುದು ಸೇರುವುದಿಲ್ಲ ಎಂಬುದನ್ನು ಹೊಸ ನೌಕರಿಯ ಮೊದಲ ವರ್ಷದಲ್ಲೇ ಕಾಗದದ ಮೇಲೆ ಇತ್ಯರ್ಥ ಮಾಡಿಕೊಳ್ಳಬೇಕು. ಆಗ ಬಿಟ್ಟರೆ, ನಿವೃತ್ತಿಯ ಹೊತ್ತಿಗೆ ಎಷ್ಟು ದೊಡ್ಡ ಸಾಹೇಬರ ಹತ್ತಿರ ಹೋದರೂ ಅವರ ಕೈಯಲ್ಲಿ ಆಗುವುದು ಏನೂ ಇರುವುದಿಲ್ಲ.

ಮೊದಲು ನಿನ್ನ ಚಿಕ್ಕಪ್ಪನ ಮಗನಿಗೆ ಒಂದು ಮಾತು ಮುಟ್ಟಿಸು. ಅವನಿಗೆ ಈಗ 11 ವರ್ಷ ಸರ್ವಿಸ್ ಆಗಿದೆಯಂತೆ. ಮನೆ ಕಡೆ ತೊಂದರೆ, ಅರ್ಜಿ ಕೊಟ್ಟು ಬಂದುಬಿಡುತ್ತೇನೆ ಅನ್ನುತ್ತಿದ್ದಾನಂತೆ. ಜವಾನರಿಗೆ ಸೇವಾ ಪಿಂಚಣಿ ಸಿಗಬೇಕಾದರೆ 15 ವರ್ಷ ಆಗಿರಬೇಕು, ಅಧಿಕಾರಿಗಳಿಗಾದರೆ 20. ಅದಕ್ಕಿಂತ ಮುಂಚೆ ಬಂದರೆ ಗ್ರಾಚ್ಯುಟಿ ಒಂದು ಗಂಟು ಸಿಗುತ್ತದೆ, ತಿಂಗಳ ಪಿಂಚಣಿ ಇಲ್ಲ. ಅಷ್ಟಕ್ಕೇ ಮುಗಿಯುವುದಿಲ್ಲ. ಕೇಂದ್ರ ಸರ್ಕಾರದ ನೇಮಕಾತಿ ನಿಯಮದಲ್ಲಿ ಮಾಜಿ ಸೈನಿಕ ಅಂದರೆ ಯಾರು ಎಂದು ಬರೆದಿಟ್ಟಿದ್ದಾರೆ. ಪಿಂಚಣಿಗೆ ಅರ್ಹನಾದ ಮೇಲೆ ಸ್ವಂತ ಇಚ್ಛೆಯಿಂದ ಬಂದವನು ಮಾಜಿ ಸೈನಿಕನೇ. ವೈದ್ಯಕೀಯ ಕಾರಣಕ್ಕೆ ಸೇನೆಯೇ ಕಳಿಸಿ ಪಿಂಚಣಿ ಕೊಟ್ಟರೂ ಮಾಜಿ ಸೈನಿಕನೇ. ಪಿಂಚಣಿಗೆ ಮುಂಚೆಯೇ ತಾನಾಗಿ ಕೇಳಿಕೊಂಡು ಬಂದವನು ಮಾತ್ರ ಆ ಪಟ್ಟಿಯಲ್ಲಿ ಬರುವುದಿಲ್ಲ. ಅಂದರೆ ಪಿಂಚಣಿಯೂ ಹೋಯಿತು, ನೌಕರಿಯ ಮೀಸಲಾತಿಯೂ ಹೋಯಿತು. ಇನ್ನು 4 ವರ್ಷ ಹಲ್ಲು ಕಚ್ಚಿ ಇರು ಎಂದು ಹೇಳು. ಮನೆಯ ತೊಂದರೆಗೆ ಕಂಪ್ಯಾಷನೇಟ್ ಪೋಸ್ಟಿಂಗ್ ಕೇಳುವ ದಾರಿ ಇದೆ, ರಜೆ ಇದೆ. 15 ವರ್ಷಕ್ಕೆ ಕೆಲವು ತಿಂಗಳು ಕಡಿಮೆ ಬಿದ್ದರೆ ಮನ್ನಾ ಮಾಡುವ ಅಧಿಕಾರ ಮೇಲಿನವರಿಗೆ ಇದೆ ನಿಜ. ಅದನ್ನು ನಂಬಿಕೊಂಡು ಮಾತ್ರ ಯಾರೂ ಬರಬಾರದು.

ಅಗ್ನಿವೀರರ ಕತೆಯೇ ಬೇರೆ. 2022ರ ಜೂನ್‌ನಲ್ಲಿ ಬಂದ ಆ ಯೋಜನೆಯಲ್ಲಿ 4 ವರ್ಷ ಸೇವೆ, ನೂರಕ್ಕೆ 25 ಜನರವರೆಗೆ ಕಾಯಂ. ಉಳಿದವರಿಗೆ ಸುಮಾರು 11.71 ಲಕ್ಷದ ಸೇವಾನಿಧಿ ಸಿಗುತ್ತದೆ, ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ, ಮಾಜಿ ಸೈನಿಕ ಅನ್ನುವ ಸ್ಥಾನವೂ ಇಲ್ಲ. ನಮ್ಮ ಬೀದಿಯ ಹುಡುಗರು ಇದನ್ನು ತಿಳಿಯದೆ, ಬಂದಮೇಲೆ ನಿನ್ನ ಹಾಗೇ ಕೋಟಾ ಇರುತ್ತದೆ ಅಂದುಕೊಂಡಿದ್ದಾರೆ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಅವರಿಗೆಂದು ಬೇರೆ ಮೀಸಲಾತಿ, ವಯಸ್ಸಿನ ರಿಯಾಯಿತಿ ಇದೆ. ಅದರ ಮೇಲೇ ಅವರು ಕಣ್ಣಿಡಬೇಕು. ನಿನ್ನನ್ನು ಕೇಳಿದರೆ ಸರಿಯಾದದ್ದನ್ನು ಹೇಳು.

ಇನ್ನು ಮುಖ್ಯ ವಿಷಯ. ಸೇನೆಯ ವರ್ಷಗಳು ಸಿವಿಲ್ ಪಿಂಚಣಿಗೆ ಸೇರುತ್ತವೋ ಇಲ್ಲವೋ?

ಒಂದು ಕಾಲದಲ್ಲಿ ಸೇರುತ್ತಿದ್ದವು. ಕೇಂದ್ರ ಸರ್ಕಾರದ 1972ರ ಪಿಂಚಣಿ ನಿಯಮಗಳಲ್ಲಿ 19ನೇ ನಿಯಮ ಇದಕ್ಕೆಂದೇ ಇತ್ತು. ರೈಲ್ವೆಯವರಿಗೂ ಅಂಥದ್ದೇ ಇತ್ತು. ಸೇನೆ ಬಿಟ್ಟು ಸಿವಿಲ್ ನೌಕರಿಗೆ ಸೇರಿದವನ ಮುಂದೆ ಎರಡು ದಾರಿ ಇಡುತ್ತಿದ್ದರು. ಸೇನೆಯ ಪಿಂಚಣಿಯನ್ನೋ ಗ್ರಾಚ್ಯುಟಿಯನ್ನೋ ನೀನೇ ಇಟ್ಟುಕೋ, ಆಗ ಆ ವರ್ಷಗಳು ಹೊಸ ನೌಕರಿಯ ಲೆಕ್ಕಕ್ಕೆ ಬರುವುದಿಲ್ಲ ಎನ್ನುವುದು ಒಂದು. ಇನ್ನೊಂದು, ಪಡೆದದ್ದನ್ನೆಲ್ಲ ಹಿಂದಕ್ಕೆ ಕಟ್ಟು, ಪಿಂಚಣಿ ನಿಲ್ಲಿಸು, ಸೇನೆಯ ವರ್ಷಗಳನ್ನೂ ಸಿವಿಲ್ ವರ್ಷಗಳನ್ನೂ ಕೂಡಿಸಿ ಒಂದೇ ಪಿಂಚಣಿ ತಗೋ ಎನ್ನುವುದು. ಯಾವುದು ಬೇಕೆಂದು ಸೇರಿದ ಒಂದು ವರ್ಷದೊಳಗೆ ಬರೆದು ಕೊಡಬೇಕು. ಕೊಡದಿದ್ದರೆ ಮೊದಲನೇ ದಾರಿ ಹಿಡಿದಂತೆಯೇ ಲೆಕ್ಕ. ಹಿಂದಕ್ಕೆ ಕಟ್ಟುವ ಹಣಕ್ಕೆ 36 ಕಂತಿನವರೆಗೆ ಅವಕಾಶ.

ನನಗಿಂತ ಹಿರಿಯರೊಬ್ಬರಿದ್ದರು, ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. 1962ರ ಯುದ್ಧ ಆದಮೇಲೆ ಸೇನೆಗೆ ಸೇರಿ, 9 ವರ್ಷ ಆದಮೇಲೆ ಸೇನೆಯೇ ಗ್ರಾಚ್ಯುಟಿ ಕೊಟ್ಟು ಕಳಿಸಿದವರು. ರೈಲ್ವೆಗೆ ಸೇರಿದ ಕೂಡಲೇ ಹಿಂದಿನ ಸೇವೆ ಸೇರಿಸಿ ಎಂದು ಅರ್ಜಿ ಕೊಟ್ಟು, ಗ್ರಾಚ್ಯುಟಿಯ ಹಣವನ್ನು ಸಂಬಳದಲ್ಲಿ ತಿಂಗಳು ತಿಂಗಳು ಮುರಿಸಿ ಹಿಂದಕ್ಕೆ ಕಟ್ಟಿದರು. ಮನೆಯಲ್ಲಿ ಮೂರು ಮಕ್ಕಳು, ಕೈ ಬಿಗಿ. ಬಂದ ದುಡ್ಡನ್ನು ಯಾಕೆ ಸರ್ಕಾರಕ್ಕೆ ವಾಪಸ್ ಕೊಡುತ್ತೀಯ ಎಂದು ಬಂಧುಗಳೆಲ್ಲ ಬೈದರಂತೆ. ಅವರು ಕಂತು ಕಟ್ಟಿದ ಒಂದೊಂದು ಸಂಬಳದ ಚೀಟಿಯನ್ನೂ ಬಿಸ್ಕತ್ ಡಬ್ಬದಲ್ಲಿ ದಾರ ಕಟ್ಟಿ ಇಟ್ಟಿದ್ದರು. ನಿವೃತ್ತಿಯ ಕಾಗದ ಮಾಡುವಾಗ ನನಗೆ ತಂದು ತೋರಿಸಿದರು. ಇಂಕು ಮಾಸಿ ಕಂದಾಗಿತ್ತು, ಆದರೆ ಒಂದೂ ತಪ್ಪಿರಲಿಲ್ಲ. ಸೇವಾ ಪುಸ್ತಕದಲ್ಲಿ ಸೇನೆಯ 9 ವರ್ಷ ಸೇರಿಸಲಾಗಿದೆ ಎಂಬ ಷರಾ, ಅದರ ಕೆಳಗೆ ಅಧಿಕಾರಿಯ ಸಹಿ, ಮೊಹರು, ತಾರೀಕು.

ಆ ಷರಾದ ಬೆಲೆ ಏನು ಅಂತ ಲೆಕ್ಕ ಹಾಕು. ಆಗಿನ ಕಾಲಕ್ಕೆ ಪೂರ್ತಿ ಪಿಂಚಣಿಗೆ 33 ವರ್ಷ ಬೇಕಿತ್ತು. ಅವರ ರೈಲ್ವೆ ಸೇವೆ 24 ವರ್ಷ. ಕೊನೆಯ ಸರಾಸರಿ ಸಂಬಳ 9,900 ಅಂತ ಹಿಡಿದುಕೋ. 24 ವರ್ಷಕ್ಕಾದರೆ ಪಿಂಚಣಿ 3,600. ಸೇನೆಯ 9 ಸೇರಿ 33 ಆದರೆ 4,950. ತಿಂಗಳಿಗೆ 1,350 ರೂಪಾಯಿ, ಅದರ ಮೇಲೆ ತುಟ್ಟಿಭತ್ಯೆ, ಅವರ ನಂತರ ಹೆಂಡತಿಗೆ ಬರುವ ಕುಟುಂಬ ಪಿಂಚಣಿ ಬೇರೆ. ಒಂದೇ ಒಂದು ಅರ್ಜಿ ಮತ್ತು ಮೂರು ವರ್ಷದ ಬಿಗಿತದ ಫಲ ಅದು.

ಇನ್ನೊಬ್ಬರೂ ನೆನಪಾಗುತ್ತಾರೆ. ಅವರದೂ ಹೆಚ್ಚು ಕಡಿಮೆ ಅಷ್ಟೇ ವರ್ಷದ ಸೇನಾ ಸೇವೆ, ಆಮೇಲೆ ಬೇರೊಂದು ಕಚೇರಿ, ಹೆಸರು ಬೇಡ. ಸೇರಿದಾಗ ಯಾರೂ ಕೇಳಲಿಲ್ಲ, ಅವರೂ ಕೊಡಲಿಲ್ಲ. ನಿವೃತ್ತಿಗೆ ಆರು ತಿಂಗಳು ಇದ್ದಾಗ ಡಿಸ್ಚಾರ್ಜ್ ಬುಕ್ ಹಿಡಿದುಕೊಂಡು ಓಡಾಡಲು ಶುರು ಮಾಡಿದರು. ಸೇವಾ ಪುಸ್ತಕ ತೆರೆದು ನೋಡಿದರೆ ಹಿಂದಿನ ಸೇವೆ ಎಂಬ ಕಾಲಂ ಖಾಲಿ. ಗಡಿಯಲ್ಲಿ ಹಿಮದಲ್ಲಿ ನಿಂತ ಮನುಷ್ಯ, ಮೆಡಲ್ ಇತ್ತು, ಎಲ್ಲ ಇತ್ತು. ಕಡತಕ್ಕೆ ಅದೊಂದೂ ಕಾಣುವುದಿಲ್ಲ ಕಣಪ್ಪಾ, ಕಾಲಂ ಮಾತ್ರ ಕಾಣುತ್ತದೆ. ಎರಡು ವರ್ಷ ಅಲೆದರು, ಆಗಲಿಲ್ಲ.

ಈಗ ನಿನ್ನ ಕಾಲಕ್ಕೆ ಬರೋಣ. ಕಾಲ ಬದಲಾಗಿದೆ, ಇದನ್ನು ಸರಿಯಾಗಿ ತಿಳಿದುಕೋ. ಕೇಂದ್ರ ಸರ್ಕಾರದಲ್ಲಿ 2004ರ ಜನವರಿ 1ರಿಂದ, ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಸೇರಿದವರಿಗೆ ಹಳೆಯ ಪಿಂಚಣಿ ಇಲ್ಲ, ವಂತಿಗೆ ಕಟ್ಟುವ ಎನ್‌ಪಿಎಸ್. ಸೇನೆಯನ್ನು ಮಾತ್ರ ಅದರಿಂದ ಹೊರಗಿಟ್ಟರು, ಹಾಗಾಗಿ ನಿನ್ನ ಸೇನಾ ಪಿಂಚಣಿ ಹಳೆಯ ರೀತಿಯದೇ. ಎನ್‌ಪಿಎಸ್‌ನಲ್ಲಿ ವರ್ಷ ಎಣಿಸುವ ಪದ್ಧತಿಯೇ ಇಲ್ಲ. ಖಾತೆಗೆ ಬಿದ್ದ ರೂಪಾಯಿ ಎಷ್ಟು, ಅದು ಬೆಳೆದದ್ದು ಎಷ್ಟು ಅನ್ನುವುದೇ ಲೆಕ್ಕ. ಆದ್ದರಿಂದ ನಿನ್ನ 17 ವರ್ಷವನ್ನು ಹೊಸ ನೌಕರಿಗೆ ಸೇರಿಸಲು ಆಗುವುದಿಲ್ಲ, ಸೇರಿಸುವ ಅಗತ್ಯವೂ ಇಲ್ಲ. ಸೇನೆಯ ಪಿಂಚಣಿ ತನ್ನ ಪಾಡಿಗೆ ಬರುತ್ತಿರುತ್ತದೆ, ಐದು ವರ್ಷಕ್ಕೊಮ್ಮೆ ಒಂದೇ ಹುದ್ದೆಗೆ ಒಂದೇ ಪಿಂಚಣಿ (ಒಆರ್‌ಒಪಿ) ಲೆಕ್ಕದಲ್ಲಿ ಪರಿಷ್ಕರಣೆ ಆಗುತ್ತದೆ. ಹೊಸ ನೌಕರಿಯ ಖಾತೆ ಬೇರೆ. ಇವೆರಡನ್ನೂ ಮನಸ್ಸಿನಲ್ಲಿ ಬೆರೆಸಿಕೊಳ್ಳಬೇಡ. ಸೇನೆಯ ವರ್ಷ ಸೇರಿಸಿಕೊಡುತ್ತೇನೆ, ಇಷ್ಟು ಕೊಡಿ ಎಂದು ಯಾರಾದರೂ ಏಜೆಂಟ್ ಹೇಳಿದರೆ ಅವನು ಸುಳ್ಳುಗಾರ.

ಎನ್‌ಪಿಎಸ್‌ನಲ್ಲಿ ಕಾಲವೇ ಬಂಡವಾಳ. ಕೇಂದ್ರದಲ್ಲಿ ನೌಕರನದು ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ 10, ಸರ್ಕಾರದ್ದು ಶೇ 14. 37ರಲ್ಲಿ ಸೇರಿದವನಿಗೂ 43ರಲ್ಲಿ ಸೇರಿದವನಿಗೂ ಕೊನೆಗೆ ಸಿಗುವ ಮೊತ್ತದಲ್ಲಿ ಅಜಗಜಾಂತರ. ಕೇಂದ್ರ ಸರ್ಕಾರ 2025ರ ಏಪ್ರಿಲ್‌ನಿಂದ ಯುಪಿಎಸ್ ಎಂಬ ಇನ್ನೊಂದು ದಾರಿಯನ್ನೂ ತೆರೆದಿದೆ. ಅದರಲ್ಲಿ ಮತ್ತೆ ವರ್ಷದ ಲೆಕ್ಕ ಬಂದಿದೆ: 25 ವರ್ಷ ಆದವನಿಗೆ ಕೊನೆಯ 12 ತಿಂಗಳ ಸರಾಸರಿ ಮೂಲವೇತನದ ಅರ್ಧ, ಕಡಿಮೆ ಆದವನಿಗೆ ಅದೇ ಪ್ರಮಾಣದಲ್ಲಿ ಕಡಿಮೆ, 10 ವರ್ಷ ಆದರೆ ತಿಂಗಳಿಗೆ ಕನಿಷ್ಠ 10,000. ಅದರ ಎಣಿಕೆ ಸಿವಿಲ್ ನೌಕರಿಯಲ್ಲಿ ವಂತಿಗೆ ಬಿದ್ದ ತಿಂಗಳುಗಳದು. ನೀನು 37ರಲ್ಲಿ ಸೇರಿ 60ಕ್ಕೆ ನಿವೃತ್ತನಾದರೆ 23 ವರ್ಷ, ಅಂದರೆ ಶೇ 46ರ ಹತ್ತಿರ. ಸುಮ್ಮನೆ ಮನೆಯಲ್ಲಿ ಕೂತು ಅದಕ್ಕಿಂತ ಇನ್ನೂ ಮೂರು ವರ್ಷ ತಡವಾಗಿ ಸೇರಿದರೆ ಶೇ 40. ಅದಕ್ಕೇ ಹೇಳುವುದು, ಸ್ವಲ್ಪ ದಿನ ಆರಾಮಾಗಿ ಇರುತ್ತೇನೆ ಅನ್ನುವ ಮಾತು ಬೇಡ. ಒಂದೆರಡು ತಿಂಗಳು ಇರು. ಮಕ್ಕಳ ಜತೆ ಇರು, ನಿಮ್ಮವ್ವನ ಜತೆ ಕೂತು ಊಟ ಮಾಡು. ಆಮೇಲೆ ಓದಲು ಕೂರು.

ಓದಲು ಯಾಕೆಂದರೆ ಮೀಸಲಾತಿ ಇದೆ ಎಂದಮಾತ್ರಕ್ಕೆ ಪರೀಕ್ಷೆ ತಪ್ಪುವುದಿಲ್ಲ. ಕರ್ನಾಟಕದಲ್ಲಿ 1977ರ ಸಾಮಾನ್ಯ ನೇಮಕಾತಿ ನಿಯಮಗಳ ಪ್ರಕಾರ ನೇರ ನೇಮಕಾತಿಯಲ್ಲಿ ಮಾಜಿ ಸೈನಿಕರಿಗೆ ಶೇ 10. ಇದು ಸಮತಳ ಮೀಸಲಾತಿ, ಅಂದರೆ ನಿನ್ನ ಪ್ರವರ್ಗದ ಒಳಗೇ ನಿನ್ನ ಜಾಗ. ವಯಸ್ಸಿಗೆ ಹೆದರಬೇಡ. ಸೇನೆಯಲ್ಲಿ ಇದ್ದ ಅವಧಿಗೆ ಇನ್ನೂ 3 ವರ್ಷ ಸೇರಿಸಿ ಗರಿಷ್ಠ ವಯೋಮಿತಿ ಏರಿಸುತ್ತಾರೆ. ನಿನಗೆ 20 ವರ್ಷದ ರಿಯಾಯಿತಿ ಬಂತು. ಕೇಂದ್ರದಲ್ಲಿ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 10, ಬ್ಯಾಂಕಿನ ಕ್ಲರ್ಕ್ ಹುದ್ದೆಗಳಲ್ಲಿ ಶೇ 14.5, ಅದರ ಕೆಳಗಿನ ದರ್ಜೆಯಲ್ಲಿ ಶೇ 24.5. ಮೈಸೂರಲ್ಲೇ ಕೂತು ನೋಡಿದರೂ ರೈಲ್ವೆ ವಿಭಾಗ ಇದೆ, ಸಿಎಫ್‌ಟಿಆರ್‌ಐ ಇದೆ, ರಕ್ಷಣಾ ಸಂಶೋಧನಾಲಯ ಇದೆ, ಭಾರತೀಯ ಭಾಷಾ ಸಂಸ್ಥಾನ, ವಾಕ್ ಶ್ರವಣ ಸಂಸ್ಥೆ, ಬ್ಯಾಂಕುಗಳು. ಎಲ್ಲದರ ಪ್ರಕಟಣೆಯ ಮೇಲೂ ಕಣ್ಣಿಡು.

ಆದರೆ ನಮ್ಮ ಹುಡುಗರು ಎಡವುವುದು ಎಲ್ಲಿ ಗೊತ್ತೇ? ಕನ್ನಡದಲ್ಲಿ. ಕೆಪಿಎಸ್‌ಸಿ ಪರೀಕ್ಷೆಗಳಲ್ಲಿ ಕಡ್ಡಾಯ ಕನ್ನಡ ಪತ್ರಿಕೆ 150 ಅಂಕದ್ದು, 50 ಬಂದರೆ ಮಾತ್ರ ಉಳಿದ ಪತ್ರಿಕೆಗೆ ಬೆಲೆ. 17 ವರ್ಷ ಹಿಂದಿಯಲ್ಲಿ ಮಾತಾಡಿ, ಇಂಗ್ಲಿಷಿನಲ್ಲಿ ರಿಪೋರ್ಟ್ ಬರೆದ ಕೈಗೆ ಒತ್ತಕ್ಷರ ಮರೆತಿರುತ್ತದೆ. ಕನ್ನಡ ನಮ್ಮದೇ ತಾನೇ ಎಂದು ಅಸಡ್ಡೆ ಮಾಡಿ ಅಲ್ಲೇ ಬಿದ್ದವರನ್ನು ನೋಡಿದ್ದೇನೆ. ದಿನಾ ಒಂದು ಪುಟ ಪತ್ರಿಕೆ ನೋಡಿ ನಕಲು ಬರೆ, ಒಂದು ಅರ್ಜಿ, ಒಂದು ಸಾರಾಂಶ ಬರೆ. ಮಗಳು ಏಳನೇ ಕ್ಲಾಸಲ್ಲವೇ, ಅವಳ ಕೈಯಲ್ಲೇ ತಿದ್ದಿಸು. ಇನ್ನು ಡಿಗ್ರಿ. ಎಸ್ಸೆಸ್ಸೆಲ್ಸಿ ಆಗಿ 15 ವರ್ಷ ಸೇವೆ ಮಾಡಿದವನನ್ನು ಕೇಂದ್ರದ ಕೆಲವು ಗ್ರೂಪ್ ಸಿ ಹುದ್ದೆಗಳಿಗೆ ಪದವೀಧರನಿಗೆ ಸಮ ಎಂದು ಒಪ್ಪುತ್ತಾರೆ. ಎಲ್ಲ ಕಡೆ ಅದು ನಡೆಯುವುದಿಲ್ಲ. ಮುಕ್ತಗಂಗೋತ್ರಿಯ ಮುಕ್ತ ವಿಶ್ವವಿದ್ಯಾನಿಲಯ ನಿಮ್ಮ ಮನೆಗೆ ಎಷ್ಟು ದೂರ? ಹೋಗಿ ಬಿ.ಎ.ಗೋ ಬಿ.ಕಾಂ.ಗೋ ಸೇರಿಬಿಡು. ಮುಂದೆ ಬಡ್ತಿಗೂ ಬೇಕಾಗುತ್ತದೆ.

ಸೆಕ್ಯುರಿಟಿ ಕೆಲಸದ ಬಗ್ಗೆ ಕೇಳಿದ್ದೆಯಲ್ಲ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನಿಲ್ಲುವುದು ಅವಮಾನವಲ್ಲ, ನನ್ನ ಜತೆಯವರು ಎಷ್ಟೋ ಮಂದಿ ಅದರಲ್ಲೇ ಮಕ್ಕಳನ್ನು ಓದಿಸಿದರು. ಆದರೆ 36ಕ್ಕೇ ಅಲ್ಲಿ ಹೋಗಿ ನಿಲ್ಲಬೇಡ. ಪರೀಕ್ಷೆಗೆ ಓದುವವರೆಗೆ ಅಂತ ಹೋದರೂ ಪಿಎಫ್ ಕಟ್ಟುವ ಕಡೆಯೇ ಹೋಗು, ಯುಎಎನ್ ನಂಬರ್ ಕೇಳಿ ತಗೋ. ಪಿಎಫ್ ಜತೆಗಿನ ಇಪಿಎಸ್ ಪಿಂಚಣಿಗೆ 10 ವರ್ಷದ ವಂತಿಗೆ ಬೇಕು. ಒಂದೊಂದು ಏಜೆನ್ಸಿಯಲ್ಲಿ ಒಂದೊಂದು ನಂಬರ್ ಮಾಡಿಸಿಕೊಂಡರೆ ಆ ವರ್ಷಗಳೂ ಚೆಲ್ಲಾಪಿಲ್ಲಿ ಆಗುತ್ತವೆ.

ಒಂದು ವಿಷಯದಲ್ಲಿ ಬಹಳ ಹುಷಾರಾಗಿರು. ಕೇಂದ್ರದ ನಿಯಮದಲ್ಲಿ ಮಾಜಿ ಸೈನಿಕ ಕೋಟಾದಲ್ಲಿ ಒಮ್ಮೆ ಸಿವಿಲ್ ನೌಕರಿಗೆ ಸೇರಿದರೆ ಆ ಮೀಸಲಾತಿ ಅಲ್ಲಿಗೆ ಮುಗಿಯಿತು. ಅವಸರಕ್ಕೆ ಬಿದ್ದು ಸಣ್ಣ ಹುದ್ದೆಗೆ ಸೇರಿ, ಆಮೇಲೆ ದೊಡ್ಡದಕ್ಕೆ ಅದೇ ಕೋಟಾ ಕೇಳಿದರೆ ಸಿಗುವುದಿಲ್ಲ. 2014ರ ಆಗಸ್ಟ್‌ನಲ್ಲಿ ಇದಕ್ಕೊಂದು ಸಡಿಲಿಕೆ ಕೊಟ್ಟರು. ಸೇರುವ ಮೊದಲೇ ಬೇರೆ ಯಾವ ಯಾವ ಹುದ್ದೆಗೆ ಅರ್ಜಿ ಹಾಕಿದ್ದೆ ಎಂದು ತಾರೀಕಿನ ಸಮೇತ ಪಟ್ಟಿ ಮಾಡಿ, ಸೇರಿದ ಕೂಡಲೇ ಹೊಸ ಕಚೇರಿಗೆ ಬರೆದುಕೊಟ್ಟರೆ ಆ ಅರ್ಜಿಗಳ ಮಟ್ಟಿಗೆ ಮೀಸಲಾತಿ ಉಳಿಯುತ್ತದೆ. ಆದ್ದರಿಂದ ಈಗಿನಿಂದಲೇ ಒಂದು ನೋಟ್‌ಬುಕ್ ಇಡು. ಯಾವ ಅರ್ಜಿ, ಯಾವ ತಾರೀಕು, ಯಾವ ನೋಂದಣಿ ಸಂಖ್ಯೆ, ಎಲ್ಲ ಅದರಲ್ಲಿ ಬರಲಿ. ಪಟ್ಟಿ ಕೊಟ್ಟಾಗ ನಿನ್ನ ಪ್ರತಿಯ ಮೇಲೆ ಸ್ವೀಕೃತಿ ಸೀಲ್ ಹಾಕಿಸಿಕೋ.

ನೌಕರಿ ಸಿಕ್ಕಿತು ಅಂತಿಟ್ಟುಕೋ. ಮೊದಲ ವಾರದಲ್ಲೇ ನಿನ್ನ ಎಸ್‌ಆರ್, ಅಂದರೆ ಸೇವಾ ಪುಸ್ತಕ, ತೆರೆದರೇ ಎಂದು ಕೇಳು. ನಾಚಿಕೊಳ್ಳಬೇಡ, ಕೇಸ್ ವರ್ಕರ್‌ಗೆ ಬೇಜಾರಾದರೂ ಪರವಾಗಿಲ್ಲ. ಸೇನೆಯ ಸೇವೆ, ಡಿಸ್ಚಾರ್ಜ್ ತಾರೀಕು, ಪಿಂಚಣಿ ಪಾವತಿ ಆದೇಶದ (ಪಿಪಿಒ) ನಂಬರ್ ಅದರಲ್ಲಿ ನಮೂದಾಗಬೇಕು. ಸಂಬಳ ನಿಗದಿ ಮಾಡುವಾಗ, ಕೇಂದ್ರದ ಆದೇಶಗಳಂತೆ, ಅಧಿಕಾರಿ ದರ್ಜೆಗಿಂತ ಕೆಳಗಿನವರು 55ಕ್ಕೆ ಮುಂಚೆ ಸೇನೆಯಿಂದ ಬಂದಿದ್ದರೆ ಅವರ ಪಿಂಚಣಿಯನ್ನು ಪೂರ್ತಿ ಕಡೆಗಣಿಸಬೇಕು, ಅಂದರೆ ಪಿಂಚಣಿ ಬರುತ್ತದೆ ಎಂದು ಹೊಸ ಸಂಬಳ ಕಡಿಯುವಂತಿಲ್ಲ. ಹಾಗೆ ಕನಿಷ್ಠ ಹಂತದಲ್ಲಿ ನಿಗದಿಯಾದ ಪತ್ರ ಇಟ್ಟುಕೊಂಡರೆ ಸೇನಾ ಪಿಂಚಣಿಯ ಮೇಲಿನ ತುಟ್ಟಿಭತ್ಯೆಯೂ ನಿಲ್ಲುವುದಿಲ್ಲ. ನೌಕರಿಗೆ ಸೇರಿದ್ದನ್ನು ಸೇನಾ ಪಿಂಚಣಿಯ ಸ್ಪರ್ಶ್ ಪೋರ್ಟಲ್‌ನಲ್ಲಿ ತಿಳಿಸು, ಮುಚ್ಚಿಡಬೇಡ. ಪ್ರತಿ ನವೆಂಬರ್‌ನಲ್ಲಿ ಕೊಡುವ ಜೀವಂತ ಪ್ರಮಾಣಪತ್ರದ ಜತೆ ಆ ಪ್ರಶ್ನೆ ಬಂದೇ ಬರುತ್ತದೆ. ಮುಚ್ಚಿಟ್ಟು ಹತ್ತು ವರ್ಷ ಪಡೆದದ್ದನ್ನು ಒಟ್ಟಿಗೇ ವಸೂಲಿ ಮಾಡಿದಾಗ ಎಷ್ಟೋ ಸಂಸಾರಗಳು ನಡುಗಿವೆ. ರಾಜ್ಯ ಸರ್ಕಾರವಾದರೆ ಇಲಾಖಾ ಪರೀಕ್ಷೆ, ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಗಳನ್ನು ಪ್ರೊಬೇಷನರಿ ಅವಧಿಯಲ್ಲೇ ಮುಗಿಸಿಬಿಡು.

ಪಿಂಚಣಿಯ ಒಂದು ಭಾಗ ಮಾರಿದ ಕಮ್ಯುಟೇಷನ್ ಹಣ ಕೈಗೆ ಬಂದಾಗ ರಿಂಗ್ ರೋಡ್ ಆಚೆಯ ಸೈಟು ತೋರಿಸುವವರು ಮನೆಗೇ ಬರುತ್ತಾರೆ. ದಾಖಲೆಯನ್ನು ವಕೀಲರಿಗೆ ತೋರಿಸದೆ ಒಂದು ರೂಪಾಯಿ ಅಡ್ವಾನ್ಸ್ ಕೊಡಬೇಡ. ಮಾರಿಕೊಂಡ ಆ ಪಿಂಚಣಿಯ ಭಾಗ ಮತ್ತೆ ಸೇರುವುದು 15 ವರ್ಷ ಆದಮೇಲೆ.

ನಿನ್ನ ಹೆಂಡತಿಯ ಹೆಸರು ಪಿಪಿಒದಲ್ಲಿ ಹೇಗಿದೆ ನೋಡಿದ್ದೀಯಾ? ಆಧಾರ್‌ನಲ್ಲಿ ಹೇಗಿದೆ? ನಮ್ಮ ಕನ್ನಡದ ಹೆಸರನ್ನು ರೆಕಾರ್ಡ್ ಆಫೀಸಿನಲ್ಲಿ ಒಬ್ಬೊಬ್ಬರು ಒಂದೊಂದು ಸ್ಪೆಲ್ಲಿಂಗ್‌ನಲ್ಲಿ ಬರೆದಿರುತ್ತಾರೆ. ಮಹದೇವಮ್ಮ ಎಂಬ ಹೆಸರು ಇಂಗ್ಲಿಷಿನಲ್ಲಿ ನಾಲ್ಕು ತರಹ ಬರೆದದ್ದನ್ನು ಒಂದೇ ಕಡತದಲ್ಲಿ ನೋಡಿದ್ದೇನೆ. ಗಂಡ ಬದುಕಿರುವಾಗ ಒಂದು ಅರ್ಜಿಯಲ್ಲಿ ಮುಗಿಯುವ ತಿದ್ದುಪಡಿ, ಆಮೇಲೆ ಆ ಹೆಣ್ಣುಮಗಳನ್ನು ಕೋರ್ಟು, ನೋಟರಿ, ತಾಲ್ಲೂಕು ಕಚೇರಿ ಎಂದು ತಿಂಗಳುಗಟ್ಟಲೆ ಅಲೆಸುತ್ತದೆ. ಖಜಾನೆಯಲ್ಲಿ ನನ್ನ ಹೊಟ್ಟೆಗೆ ಬೆಂಕಿ ಬಿದ್ದಂತಾಗುತ್ತಿದ್ದುದು ಇಂಥವರನ್ನು ಕಂಡಾಗಲೇ. ಇನ್ನೊಂದು ವಿಷಯ ಅವಳಿಗೆ ಬಿಡಿಸಿ ಹೇಳು. ಸೇನೆಯಲ್ಲೂ ಸಿವಿಲ್‌ನಲ್ಲೂ ಪಿಂಚಣಿ ಇರುವ ನೌಕರಿ ಮಾಡಿದವನ ಹೆಂಡತಿಗೆ ಮೊದಲು ಒಂದೇ ಕುಟುಂಬ ಪಿಂಚಣಿ ಸಿಗುತ್ತಿತ್ತು, ಯಾವುದಾದರೂ ಒಂದನ್ನು ಆರಿಸಿಕೊಳ್ಳಬೇಕಿತ್ತು. 2012ರ ಸೆಪ್ಟೆಂಬರ್ 24ರಿಂದ ಕೇಂದ್ರ ಸರ್ಕಾರ ಎರಡನ್ನೂ ಕೊಡುತ್ತಿದೆ. ಇದು ಗೊತ್ತಿಲ್ಲದೆ ಒಂದರಲ್ಲೇ ದಿನ ದೂಡುತ್ತಿರುವ ಹಳೆಯ ತಾಯಂದಿರು ಈಗಲೂ ಇರಬಹುದು. ನಿನಗೆ ಯಾರಾದರೂ ಸಿಕ್ಕರೆ ಸೈನಿಕ ಕಲ್ಯಾಣ ಕಚೇರಿಗೆ ಕರೆದುಕೊಂಡು ಹೋಗು.

ಇಷ್ಟೆಲ್ಲ ದುಡ್ಡಿನ ಮಾತೇ ಆಯಿತು. ಆದರೆ ನೀನು ಸರ್ಕಾರಿ ನೌಕರಿಗೇ ಸೇರಬೇಕು ಎಂದು ನಾನು ಹಟ ಹಿಡಿಯುವುದು ದುಡ್ಡಿಗಾಗಿ ಮಾತ್ರ ಅಲ್ಲ. ನಮ್ಮ ಪಕ್ಕದ ಕೊಡಗಿನವರನ್ನೇ ನೋಡು. ಜನರಲ್ ಕಾರ್ಯಪ್ಪನವರು 1953ರಲ್ಲಿ ಸೇನೆಯಿಂದ ನಿವೃತ್ತರಾದ ಮೇಲೆ ಆಸ್ಟ್ರೇಲಿಯಾ, ನ್ಯೂಜಿಲೆಂಡಿಗೆ ಭಾರತದ ಹೈಕಮಿಷನರ್ ಆಗಿ ದುಡಿದರು. ಜನರಲ್ ತಿಮ್ಮಯ್ಯನವರು 1961ರಲ್ಲಿ ನಿವೃತ್ತರಾಗಿ, 1964ರಲ್ಲಿ ಸೈಪ್ರಸ್‌ನ ವಿಶ್ವಸಂಸ್ಥೆಯ ಪಡೆಯ ಹೊಣೆ ಹೊತ್ತು, ಮರು ವರ್ಷ ಡಿಸೆಂಬರ್‌ನಲ್ಲಿ ಆ ಕರ್ತವ್ಯದಲ್ಲಿರುವಾಗಲೇ ತೀರಿಕೊಂಡರು. ಅವರದು ದೊಡ್ಡ ಹುದ್ದೆ, ನಮ್ಮದು ಗುಮಾಸ್ತೆ ಮೇಜು, ಇರಲಿ. ಸೇವೆಯನ್ನು ಎರಡನೇ ಸಲ ಎತ್ತಿಕೊಳ್ಳಬಹುದು ಎಂಬುದನ್ನು ಅವರಿಂದ ಕಲಿಯಬಹುದು.

ಮೈಸೂರು ತಾಲ್ಲೂಕಿನ ಒಂದು ನಾಡಕಚೇರಿಗೆ ಈಚೆಗೆ ಹೋಗಿದ್ದೆ. ಅಲ್ಲಿ ಒಬ್ಬ ಮಾಜಿ ಹವಾಲ್ದಾರ್ ಕೆಲಸಕ್ಕೆ ಸೇರಿದ್ದಾನೆ. ಸಂಧ್ಯಾ ಸುರಕ್ಷಾ ಪಿಂಚಣಿ ನಿಂತುಹೋಗಿದೆ ಎಂದು ಒಬ್ಬ ಅಜ್ಜಿ ಬಂದಿತ್ತು. ಹೊಲದಲ್ಲಿ ಗೇದು ಗೇದು ಬೆರಳಿನ ಗೆರೆ ಸವೆದು, ಯಂತ್ರ ಹೆಬ್ಬೆಟ್ಟನ್ನು ಹಿಡಿಯುತ್ತಿರಲಿಲ್ಲ. ನಾಳೆ ಬಾ ಅನ್ನುವುದು ಸುಲಭ. ಅವನು ಎದ್ದು ಬಂದು, ಅಜ್ಜಿಯನ್ನು ಬೆಂಚಿನ ಮೇಲೆ ಕೂರಿಸಿ, ಒದ್ದೆ ಬಟ್ಟೆಯಲ್ಲಿ ಬೆರಳು ಒರೆಸಿ, ಒಂದೊಂದೇ ಬೆರಳು ಇಡಿಸಿ ನೋಡಿದ. ಎಡಗೈಯ ಉಂಗುರದ ಬೆರಳಿಗೆ ಯಂತ್ರ ಒಪ್ಪಿಕೊಂಡಿತು. ಆಮೇಲೆ ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ತೆಗೆಸಿ, ಯಾವ ತಿಂಗಳಿಂದ ಬಾಕಿ ಎಂದು ಚೀಟಿಯಲ್ಲಿ ಬರೆದು ಸೆರಗಿಗೆ ಕಟ್ಟಿಕೊಳ್ಳಲು ಕೊಟ್ಟ. ಸರದಿಯಲ್ಲಿದ್ದವರು ಯಾರೂ ಗೊಣಗಲಿಲ್ಲ. ನಿಗದಿತ ಹೊತ್ತಿಗೆ ಬರುವುದು, ಎದುರಿಗಿದ್ದವನಿಗೆ ನೆಟ್ಟಗೆ ಉತ್ತರ ಹೇಳುವುದು, ಲಂಚಕ್ಕೆ ಕೈ ಚಾಚದಿರುವುದು, ಇವು ನಿನಗೆ ಸೇನೆ ಕಲಿಸಿದ ಅಭ್ಯಾಸಗಳು. ತಿಂಗಳ ಪಿಂಚಣಿ ಮೊದಲೇ ಬರುತ್ತಿರುವವನಿಗೆ ಮೇಜಿನ ಕೆಳಗಿನ ದುಡ್ಡಿನ ಹಂಗು ಇರಬಾರದು. ನಮ್ಮ ಕಚೇರಿಗಳಿಗೆ ಅಂಥ ಮನುಷ್ಯರು ಬೇಕಾಗಿದ್ದಾರೆ. ಮಾಜಿ ಸೈನಿಕರ ಜಾಗಕ್ಕೆ ಅರ್ಹರು ಸಿಗದೆ ಬೇರೆಯವರಿಂದ ತುಂಬುವುದನ್ನು ನೋಡಿದಾಗ ನನಗೆ ಸಂಕಟ ಆಗುವುದು ಇದಕ್ಕೇ.

ಬಂದ ವಾರವೇ ಜಿಲ್ಲಾ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯಲ್ಲಿ ಹೆಸರು ನೋಂದಾಯಿಸಿ, ಮಾಜಿ ಸೈನಿಕ ಗುರುತಿನ ಚೀಟಿಗೆ ಅರ್ಜಿ ಹಾಕಬೇಕು. ಉದ್ಯೋಗಕ್ಕೂ ಅಲ್ಲೇ ಹೆಸರು ಬರೆಸು. ಡಿಸ್ಚಾರ್ಜ್ ಬುಕ್, ಪಿಪಿಒ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಜಾತಿ ಪ್ರಮಾಣಪತ್ರ ಎಲ್ಲದರದ್ದೂ ಮೂರು ಮೂರು ಜೆರಾಕ್ಸ್ ಮಾಡಿಸಿಕೋ. ಅಸಲನ್ನು ಯಾರ ಕೈಗೂ ಬಿಟ್ಟು ಬರಬೇಡ, ತೋರಿಸಿ ವಾಪಸ್ ತಗೋ. ಇಬ್ಬರೂ ಕೂತು ತೆಗೆಸಿದ ಜಂಟಿ ಫೋಟೋ ಬೇಕಾಗುತ್ತದೆ, ಅದಕ್ಕೆ ಹೆಂಡತಿಯನ್ನೂ ಕರೆದುಕೊಂಡು ಬಾ. ನಾನೂ ಜತೆಗೆ ಬರುತ್ತೇನೆ, ಬೆಳಗ್ಗೆ ಹತ್ತೂವರೆಗೆ ಹೋದರೆ ಮಧ್ಯಾಹ್ನದೊಳಗೆ ಮುಗಿಯುತ್ತದೆ.